ಗ್ಯಾರಿ ನನ್ನನ್ನು ಟ್ರೇಡ್ ಮಾಡಿದ್ದು

ಬೋಲ್ಟನ್ನಿನ ನಮ್ಮ ವೇರ್‌ಹೌಸಿನಲ್ಲಿ ಸೂಪರ್‌ವೈಸರುಗಳಿಗೆ ಅಮೆರಿಕನ್ ಫುಟ್‌ಬಾಲಿನ ಹುಚ್ಚು. ಆ ಆಟದ ತಂಡಗಳು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಹಾಗೆ, ತಿಂಗಳಿಗೊಮ್ಮೆ ಡ್ರಾಫ್ಟ್ ಮಾಡಿ ನಮ್ಮನ್ನು ಹಂಚಿಕೊಳ್ಳುತ್ತಿದ್ದರು. ಕೆಲಸದಲ್ಲಿ ಹಿಂದೆ ಬಿದ್ದ ತಂಡಕ್ಕೆ ಮುಂದಿನ ಸಲ ಮೊದಲ ಆಯ್ಕೆ. ಹೊಸಬನಾದ ನಾನು ಕೊನೆಗೆ ಉಳಿದು, ಹೊರಗೆ ಲಾರಿ ತುಂಬಿಸುವ ಸೂಪರ್‌ವೈಸರ್ ಗ್ಯಾರಿಯ ತಂಡಕ್ಕೆ ಬಿದ್ದೆ. ಜನವರಿ ಚಳಿಗೆ ನನಗೆ ಕೆಮ್ಮು ಹತ್ತಿತು, ನನ್ನಿಂದಾಗಿ ತಂಡವೂ ಹಿಂದೆ ಬಿತ್ತು.

ಮುಂದಿನ ಡ್ರಾಫ್ಟಿನ ದಿನ ಗ್ಯಾರಿ, "ನಿನ್ನನ್ನು ಒಳಗಿನ ಪ್ಯಾಕಿಂಗ್ ತಂಡಕ್ಕೆ ಟ್ರೇಡ್ ಮಾಡಿದೆ" ಅಂದ.

ನನಗೆ ಅವಮಾನವಾಯಿತು. "ಬದಲಿಗೆ ಯಾರು ಸಿಕ್ಕರು?"

"ಯಾರೂ ಇಲ್ಲ. ನಿನ್ನ ಜೊತೆ ನನ್ನ ಮೊದಲ ಆಯ್ಕೆಯನ್ನೂ ಕೊಟ್ಟರೇನೇ ತಗೊಳ್ತೀವಿ ಅಂದರು. ಕೊಟ್ಟೆ. ಒಳಗೆ ಹೀಟರ್ ಇದೆ, ಹೋಗು."

ನಮ್ಮ ಧಾರವಾಡ ಕಡೆ ಮಗಳನ್ನು ಒಳ್ಳೆ ಮನೆ ಸೇರಿಸಲಿಕ್ಕೆ ಅಪ್ಪ ಮಾಡೋದೂ ಇದನ್ನೇ ನೋಡ್ರಿ. ನಾನು ಹೊಸ್ತಿಲಲ್ಲಿ ನಿಂತು ಅಳೋದೊಂದು ಬಾಕಿ ಇತ್ತು.