ಬಾಳವ್ವನ ಹೊಸ ದನಿ

ಮೊದಲೇ ಒಂದು ತಪ್ಪೊಪ್ಪಿಕೊಂಡುಬಿಡುತ್ತೇನೆ. ಬೆಳಗಿನ ಪೂಜೆಗೆ ಇಷ್ಟಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡು ದೃಷ್ಟಿ ನೆಟ್ಟು ಕೂತಾಗ ನನ್ನ ಮನಸ್ಸು ಎಷ್ಟೋ ಸಲ ಬಾಳವ್ವನ ಮನೆಗೆ ಹೋಗಿಬಿಡುತ್ತದೆ. ಆಕೆಯ ಕಿರಿಮಗ ಬೇರೆ ಮನೆ ಮಾಡುತ್ತಾನೋ ಇಲ್ಲವೋ, ಬೀಗರು ಈ ವಾರ ಏನು ತಗಾದೆ ತೆಗೆಯುತ್ತಾರೋ ಎಂದು ಯೋಚಿಸುತ್ತ, ವಿಭೂತಿ ಹಚ್ಚಿಕೊಂಡದ್ದನ್ನು ಮರೆತು ಇನ್ನೊಮ್ಮೆ ಹಚ್ಚಿಕೊಂಡದ್ದೂ ಉಂಟು. ಬಾಳವ್ವ ನಮ್ಮ ಬಳಗದವಳಲ್ಲ, ಓಣಿಯವಳೂ ಅಲ್ಲ. ರೇಡಿಯೋ ಧಾರಾವಾಹಿಯಲ್ಲಿ ಬರುವ ಒಬ್ಬ ಅತ್ತೆ. ದೇವರು ಇದನ್ನೆಲ್ಲ ಮನ್ನಿಸುತ್ತಾನೆಂಬ ಧೈರ್ಯ ನನಗಿದೆ. ಮನ್ನಿಸದಿದ್ದರೆ ಇಷ್ಟು ವರ್ಷ ನನ್ನ ರೇಡಿಯೋ ನಡೆಯುತ್ತಿರಲಿಲ್ಲ.

ಧಾರಾವಾಹಿಯ ಹೆಸರು ‘ಮೂರು ಬಾಗಿಲ ಮನೆ’. ಮಧ್ಯಾಹ್ನ ಒಂದು ಗಂಟೆಗೆ ಹದಿನೈದು ನಿಮಿಷ. ಬೆಳಗಾವಿಯ ವಡಗಾವಿಯಲ್ಲಿರುವ ನಮ್ಮ ಮನೆಯಲ್ಲಿ ಅಷ್ಟೊತ್ತಿಗೆ ನೀರು ತುಂಬಿ, ರೊಟ್ಟಿ ಬಡಿದು, ಮನೆಯವರಿಗೆ ಬಡಿಸಿ, ಪಾತ್ರೆ ತಿಕ್ಕಿ, ನನ್ನ ಮೊಣಕಾಲುಗಳು ‘ಇನ್ನು ಸಾಕು’ ಎಂದಿರುತ್ತವೆ. ಆ ಹದಿನೈದು ನಿಮಿಷ ಯಾರೂ ನನ್ನನ್ನು ಏನೂ ಕೇಳುವುದಿಲ್ಲ. ದೊಡ್ಡ ಭಾಗ್ಯಗಳ ಲೆಕ್ಕ ನನಗೆ ಬರುವುದಿಲ್ಲ, ಸಣ್ಣವನ್ನು ಮಾತ್ರ ಎಣಿಸುತ್ತೇನೆ. ನಳದ ನೀರು ಬರಬೇಕಾದ ದಿನ ಬಂತು, ಒಂದು. ರೊಟ್ಟಿ ಮುಗಿಯುವ ತನಕ ಗ್ಯಾಸ್ ಮುಗಿಯಲಿಲ್ಲ, ಎರಡು. ಬಾಳವ್ವ ಬಂದಳು, ಮೂರು.

ರೇಡಿಯೋದ ಈ ಚಟ ಹತ್ತಿದ್ದು ನನ್ನ ಅಕ್ಕನಿಂದ. ಗಿರಿಜಕ್ಕನನ್ನು ಖಾನಾಪುರಕ್ಕೆ ಕೊಟ್ಟಿದ್ದಾರೆ. ಮಗ ಸೊಸೆಯ ಜೊತೆ ಇದ್ದಾಳೆ. ಅಲ್ಲಿ ಮೋಡ ಕಟ್ಟಿದರೆ ಸಾಕು, ರೇಡಿಯೋ ಕರಕರ ಎನ್ನತೊಡಗುತ್ತದೆ. ಕರಕರದಲ್ಲಿ ಹೋದ ಮಾತು ಯಾವುದು ಎಂದು ಕೇಳಲು ಅವಳು ಒಂದೂ ಕಾಲಿಗೆ ಫೋನು ಮಾಡುತ್ತಿದ್ದಳು. ಹೋದದ್ದನ್ನು ಹೇಳುತ್ತ ಹೇಳುತ್ತ ನಾವು ಬರಲಿರುವುದನ್ನೂ ಹೇಳತೊಡಗಿದೆವು. ಧಾರಾವಾಹಿ ಹದಿನೈದು ನಿಮಿಷ, ಮುಂದೇನು ಎಂಬ ನಮ್ಮ ಜಗಳ ನಲವತ್ತು. ಕತೆ ಬರೆಯುವ ಪುಣ್ಯಾತ್ಮನಿಗೂ ಅಷ್ಟು ಹೊತ್ತು ಬೇಕಾಗಲಿಕ್ಕಿಲ್ಲ.

ಪಕ್ಕದ ಮನೆಯ ಸುಲಭಾ ವೈನಿಯೂ ಬಂದು ಅಡುಗೆಮನೆಯ ಹೊಸ್ತಿಲಲ್ಲಿ ಕೂರುತ್ತಾರೆ. ಮನೆಮಾತು ಮರಾಠಿ. ಸಿಟ್ಟಿನ ಕನ್ನಡವನ್ನೆಲ್ಲ ಬಾಳವ್ವನಿಂದಲೇ ಕಲಿತದ್ದು ಎನ್ನುತ್ತಾರೆ. ಒಮ್ಮೆ ಮಾತಿಗೆ ಮಾತು ಬಂದು ಗೊತ್ತಾಯಿತು, ಅವರು ಕಂಡ ಬಾಳವ್ವ ಕಚ್ಚೆ ಸೀರೆ ಉಟ್ಟವಳು, ತೆಳ್ಳಗೆ, ಉದ್ದಕ್ಕೆ. ನನ್ನ ಬಾಳವ್ವ ಇಳಕಲ್ ಸೀರೆಯ ಗುಂಡು ಹೆಂಗಸು. ಅಕ್ಕನ ಬಾಳವ್ವನಿಗೆ ನಮ್ಮ ಅವ್ವನ ಮೂಗು. ರೇಡಿಯೋದಲ್ಲಿ ಪಾತ್ರಕ್ಕೆ ಜನರನ್ನು ಆರಿಸುವವರು ಕೇಂದ್ರದಲ್ಲಿ ಕೂತವರು ಎಂದು ನಾವು ತಿಳಿದಿದ್ದೇವೆ. ಅವರು ಕೊಡುವುದು ದನಿಯೊಂದನ್ನೇ. ಮೈ, ಮುಖ, ಸೀರೆ, ಮೂಗು ಎಲ್ಲ ನಾವೇ ನಮ್ಮ ನಮ್ಮ ಮನೆಯಿಂದ ತಂದು ತೊಡಿಸಬೇಕು. ಇಷ್ಟು ಕೆಲಸ ಮಾಡಿದವರಿಗೆ ಮುಂದೇನಾಗಬೇಕೆಂದು ಹೇಳುವ ಹಕ್ಕು ಬೇಡವೇ?

ಹೀಗಿರುವಾಗ ಬಾಳವ್ವ ಶ್ರೀಶೈಲಕ್ಕೆ ಪಾದಯಾತ್ರೆ ಹೋದಳು. ಹೋದವಳು ಬರಲೇ ಇಲ್ಲ. ನಮ್ಮ ಕಡೆಯವರು ಶ್ರೀಶೈಲಕ್ಕೆ ನಡೆದು ಹೋಗುವುದು ಹೊಸತೇನಲ್ಲ, ಎಷ್ಟು ದಿನ ಹಿಡಿಯುತ್ತದೆಂದು ನಮಗೆ ಗೊತ್ತು. ನಮ್ಮ ಲೆಕ್ಕದಲ್ಲಿ ಬಾಳವ್ವ ಎರಡು ಸಲ ಹೋಗಿ ಬರುವಷ್ಟು ದಿನವಾಯಿತು.

“ಯಾತ್ರಿ ಅಲ್ರೀ ಅದು,” ಎಂದರು ಸುಲಭಾ ವೈನಿ. “ಆ ಪಾತ್ರ ಮಾಡೋ ಬಾಯಿ ಕೆಲಸಾ ಬಿಟ್ಟಾಳ. ಟೀವಿಯವ್ರು ಕರದಿರಬೇಕು, ಖರೇ ಹೇಳ್ತೇನಿ.”

“ಟೀವಿಗೆ ಹೋಗಾಕ ಆಕಿಗೇನ ಹುಚ್ಚೇನ್ರಿ? ಅಲ್ಲಿ ದಿನಾ ಸೀರಿ ಬದಲ ಮಾಡಬೇಕ,” ಎಂದೆ ನಾನು.

ಅದೇ ದಿನಗಳಲ್ಲಿ ಅಕ್ಕನಿಗೆ ಗಂಟಲಲ್ಲಿ ಗಂಟಾಗಿ ಆಪರೇಶನ್ ಆಯಿತು. ಗಂಟು ಕೆಟ್ಟದ್ದಲ್ಲ ಎಂದು ಗೊತ್ತಾಯಿತು, ಅದನ್ನು ನಾನು ದೊಡ್ಡ ಭಾಗ್ಯವೆಂದೇ ಎಣಿಸಿದೆ. ಆದರೆ ದನಿ ಹೋಯಿತು. ಇಂಥ ಆಪರೇಶನ್ನಿನಲ್ಲಿ ಹೀಗೂ ಆಗುತ್ತದೆ, ದನಿ ಬರಬಹುದು, ಬಂದರೂ ಮೊದಲಿನದೇ ಬರುತ್ತದೆಂದು ಹೇಳಲಾರೆವು ಎಂದರು ಡಾಕ್ಟರು. ಮನೆಗೆ ಬಂದ ಮೇಲೂ ಒಂದೂ ಕಾಲಿನ ಫೋನು ನಿಲ್ಲಲಿಲ್ಲ. ಅವಳ ಸೊಸೆ ರೇಖಾ ಉಪಾಯ ಮಾಡಿದಳು. ಅಕ್ಕನ ಕೈಗೆ ಒಂದು ಚಮಚ, ಮುಂದೊಂದು ಸ್ಟೀಲ್ ಲೋಟ. ಹೌದಾದರೆ ಒಂದು ಸಲ ಬಡಿಯುವುದು, ಅಲ್ಲವಾದರೆ ಎರಡು ಸಲ. ಮೂರು ಬಡಿದರೆ ನಾನು ಹೇಳಿದ್ದು ಶುದ್ಧ ಹುಚ್ಚುತನ ಎಂದರ್ಥ. ಮೂರೇ ಹೆಚ್ಚು ಬರುತ್ತಿದ್ದವು. ಮಾತಿಲ್ಲದೆಯೂ ಅಕ್ಕ ನನಗೆ ಸೋತವಳಲ್ಲ.

ಒಂದು ದಿನ ಬಾಳವ್ವ ಬಂದೇಬಿಟ್ಟಳು. “ಬಾಗಲಾ ತಗೀರಿ, ನಾ ಬಂದೇನಿ” ಎಂಬ ಮಾತು ಕೇಳಿ ರೇಡಿಯೋದ ಹತ್ತಿರಕ್ಕೆ ಸರಿದೆ. ಬೇರೆ ದನಿ! ಯಾರೋ ಬಂದು ಬಾಳವ್ವನ ಸೀರೆ ಉಟ್ಟು ನಿಂತ ಹಾಗೆ. ಮನೆಯ ಸೊಸೆ ಗುರುತಿಸಿದಳು, ಕಿರಿಮಗ ಗುರುತಿಸಿದ, ನಾನು ಗುರುತಿಸಲಿಲ್ಲ. ಆ ಸಿಟ್ಟಿನಲ್ಲಿ ಜೀವನದಲ್ಲಿ ಮೊದಲ ಸಲ ರೇಡಿಯೋದವರಿಗೆ ಪತ್ರ ಬರೆದೆ. “ದನಿ ಬದಲಾದ ಮೇಲೆ ಮನುಷ್ಯಳೇ ಬದಲಾದಂತೆ. ಈ ಬಾಳವ್ವ ನಮ್ಮವಳಲ್ಲ. ಇವಳ ಮಾತು ಕೇಳಲು ನಮಗೆ ಮನಸ್ಸಿಲ್ಲ.” ಬರೆದು ಮುಗಿಸಿ ನಾನೇ ಎರಡು ಸಲ ಓದಿಕೊಂಡೆ. ಚೆನ್ನಾಗಿದೆ ಎನಿಸಿತು.

ರೇಡಿಯೋದವರಿಗೂ ಹಾಗೆಯೇ ಎನಿಸಿತೇನೋ. ಶನಿವಾರ ಕೇಳುಗರ ಪತ್ರ ಓದುವಾಗ ನನ್ನದನ್ನು ‘ವಡಗಾವಿಯ ಲೀಲಾ’ ಎಂದು ಹೆಸರು, ಊರು ಸಮೇತ ಪೂರ್ತಿ ಓದಿದರು. ಸುಲಭಾ ವೈನಿ ಚಪ್ಪಾಳೆ ಹೊಡೆದರು. ಮನೆಯವರು ಪೇಪರಿನ ಹಿಂದಿನಿಂದ ಮುಖ ಹೊರಗೆ ಹಾಕಿ ನೋಡಿದರು, ಇದೂ ಅಪರೂಪವೇ. ನಾನು ಅಂದು ಇಡೀ ದಿನ ನೆಲದಿಂದ ನಾಲ್ಕು ಬೆರಳು ಮೇಲೆ ನಡೆದೆ.

ಆಮೇಲೆ ಫೋನಿನಲ್ಲಿ ಅಕ್ಕನ ಚಮಚ ಸಪ್ಪಗಾಯಿತು. ಮೂರು ಬಡಿತ ನಿಂತೇಹೋಯಿತು. ಏನು ಹೇಳಿದರೂ ಒಂದೇ ಒಂದು. ಅಕ್ಕ ನನ್ನ ಮಾತಿಗೆಲ್ಲ ‘ಹೌದು’ ಎನ್ನುತ್ತಿದ್ದಾಳೆಂದರೆ ಮೈಯಲ್ಲಿ ಹುಷಾರಿಲ್ಲ ಎಂದೇ ಅರ್ಥ. ಸುಸ್ತಾಗಿರಬೇಕು ಎಂದುಕೊಂಡೆ. ನನಗೂ ಆಗ ಸುಸ್ತೇ. ಸುಸ್ತಾದವರು ಇನ್ನೊಬ್ಬರ ಸುಸ್ತನ್ನು ಬೇಗ ನಂಬುತ್ತಾರೆ.

ಕೊನೆಗೆ ರೇಖಾ ಒಂದು ಬೆಳಿಗ್ಗೆ ತಾನೇ ಫೋನು ಮಾಡಿದಳು.

“ಸಣ್ಣತ್ತಿ, ಸಿಟ್ಟಾಗಬ್ಯಾಡ್ರಿ. ಅತ್ತಿಯವ್ರು ಮಾತಾಡಾಕತ್ತು ಹದಿನೈದ ದಿನಾ ಆತ್ರಿ.”

“ಮತ್ತ ನನ್ನ ಜೋಡಿ ಚಮಚಾ ಬಡಿತಾಳಲ್ಲವಾ?”

“ದನಿ ದಪ್ಪ ಆಗೇತ್ರಿ, ಗಂಡಸರ ದನಿ ಹಂಗ. ಸೋಮವಾರ ನಿಮಗ ಒಮ್ಮಿಗೇ ಮಾತಾಡಿ ತೋರಸ್ತೇನಿ ಅಂತ ಖುಷೀಲೆ ಇದ್ರು. ಶನಿವಾರ ನಿಮ್ಮ ಪತ್ರ ಓದಿದ್ರು ನೋಡ್ರಿ ರೇಡಿಯೋದಾಗ. ‘ಲೀಲಾಗ ಬ್ಯಾರೆ ದನಿ ಸೇರಂಗಿಲ್ಲ, ನಂದೂ ಸೇರಂಗಿಲ್ಲ’ ಅಂತ ಅಂದ್ರು, ನಿಮ್ಮ ಫೋನಿಗೆ ಮತ್ತ ಚಮಚಾನ ಹಿಡದ್ರು.”

ಒಲೆಯ ಮೇಲಿನ ಸಾರು ಉಕ್ಕಿತು. ಉಕ್ಕಲಿ ಎಂದು ನಿಂತೇ ಇದ್ದೆ. ರೇಡಿಯೋದ ಬಾಳವ್ವನಿಗೆ ಬರೆದ ಮಾತು ಇಪ್ಪತ್ತಾರು ಕಿಲೋಮೀಟರು ಹೋಗಿ ನನ್ನ ಅಕ್ಕನ ಗಂಟಲಲ್ಲೇ ಕೂತಿತ್ತು. ಮೋಡದ ದಿನ ಇಡೀ ಧಾರಾವಾಹಿಯನ್ನು ನುಂಗುವ ಖಾನಾಪುರದ ಕರಕರ, ಅಂದು ನನ್ನ ಪತ್ರದ ಒಂದಕ್ಷರವನ್ನೂ ನುಂಗಿರಲಿಲ್ಲ.

ಮರುದಿನ ಗೋಧಿ ಹುಗ್ಗಿ ಮಾಡಿ ಡಬ್ಬಿಗೆ ತುಂಬಿಕೊಂಡು ಬಸ್ಸು ಹತ್ತಿದೆ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಜೋಡಿಸಿದೆ. ಪತ್ರಕ್ಕಿಂತ ಚೆನ್ನಾಗಿಯೇ ಜೋಡಿಸಿದ್ದೆ. ಅಕ್ಕ ಪಡಸಾಲೆಯಲ್ಲಿ ಕೂತು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಸೆರಗು ಕುತ್ತಿಗೆಗೆ ಸುತ್ತಿತ್ತು. ನನ್ನನ್ನು ನೋಡಿ ಕೈಸನ್ನೆಯಿಂದ ಕೂರಲು ಹೇಳಿ, ಮತ್ತೆ ಕಲ್ಲು ಆರಿಸತೊಡಗಿದಳು. ಜೋಡಿಸಿದ್ದೆಲ್ಲ ಬಸ್ಸಿನಲ್ಲೇ ಉಳಿದಿತ್ತು.

“ಅಕ್ಕಾ, ನನ್ನ ತಪ್ಪಾತು,” ಎಂದೆ.

ಅವಳು ಇನ್ನೊಂದು ಕಲ್ಲು ಆರಿಸಿ ಎಸೆದಳು. ಇನ್ನೇನು ಹೇಳಲಿ? ನಮ್ಮಿಬ್ಬರ ನಡುವೆ ಕ್ಷಮೆ ಕೇಳಿ ರೂಢಿಯಿಲ್ಲ, ರೂಢಿಯಿರುವುದು ಒಂದೇ. “ಬಾಳವ್ವನ ಸೊಸಿ ತವರಿಗೆ ಹೋದಾಕಿ ಇನ್ನ ಬರಂಗಿಲ್ಲ ನೋಡು,” ಎಂದೆ. “ಅಲ್ಲೇ ಹೊಲಿಗಿ ಅಂಗಡಿ ಹಾಕ್ತಾಳ.”

ಮೊರ ನಿಂತಿತು.

“ನಿನಗೇನ ಬುದ್ಧಿ ಐತೋ ಇಲ್ಲೋ?” ಎಂದಳು ಅಕ್ಕ. “ಆಕಿಗೆ ಮೂರ ತಿಂಗಳಾಗೇತಿ ಅಂತ ಕತಿಯಾಗ ಎಷ್ಟ ಸಲ ಹೇಳ್ಯಾರ! ಸೀಮಂತಕ್ಕ ಬಾಳವ್ವ ತಾನ ಹೋಗಿ ಕರಕೊಂಡ ಬರ್ತಾಳ.”

“ಬಾಳವ್ವಾ? ಆಕಿ ಹೊಸ್ತಿಲಾ ದಾಟಂಗಿಲ್ಲ!”

“ಶ್ರೀಶೈಲಾ ತನಕ ನಡದ ಹೋದಾಕಿ ಬೀಗರ ಮನಿಗೆ ಹೋಗಂಗಿಲ್ಲನ? ಬಾಳ ಶ್ಯಾಣ್ಯಾಕಿ ಅದಿ!”

ಇದರಲ್ಲಿ ನಾನು ಸೋತೆ. ಆದರೂ ಬಿಡಲಿಲ್ಲ. ಒಂದು ಗಂಟೆಗೆ ರೇಖಾ ರೇಡಿಯೋ ಹಚ್ಚಿದಳು, ಬಾಳವ್ವ ಬಂದಳು, ಮಾತಾಡಿದಳು, ಹೋದಳು. ನಾವು ಹುಗ್ಗಿ ತಿನ್ನುತ್ತ ಮತ್ತೆ ಶುರು ಮಾಡಿದೆವು. ಬಸ್ಸಿಗೆ ಹೊತ್ತಾಯಿತೆಂದು ರೇಖಾ ಎಬ್ಬಿಸಿ ಕಳಿಸಬೇಕಾಯಿತು. ಅಕ್ಕ ಬಾಗಿಲ ತನಕ ಬಂದಳು, ನನ್ನನ್ನು ಬೀಳ್ಕೊಡಲು ಅಲ್ಲ, ಉಳಿದ ವಾದ ಮುಗಿಸಲು.

ಮನೆ ಮುಟ್ಟಿ ಕಾಲು ತೊಳೆಯುವಾಗ ಮನೆಯವರು ಕೇಳಿದರು, “ಹೆಂಗೈತಿ ಅಕ್ಕಾರ ದನಿ? ಬಾಳ ಬದಲ ಆಗೇತೇನು?”

ನೆನಪು ಮಾಡಿಕೊಳ್ಳಲು ನೋಡಿದೆ. ಅಕ್ಕ ಹೇಳಿದ ಒಂದೊಂದು ಮಾತೂ ನೆನಪಿತ್ತು.

“ಗೊತ್ತಿಲ್ರಿ,” ಎಂದೆ. “ಇಡೀ ದಿನಾ ನಾ ಸೋಲಾಕತ್ತಿದ್ನಿ. ದನಿ ಕೇಳಾಕ ಪುರಸೊತ್ತ ಎಲ್ಲಿ ಇತ್ತು?”