ಹಂದಿ ಮನೆಯ ಪಾಸ್ಕಲ್

1938ರಲ್ಲಿ ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟೆ. ತಂದೆ ತೀರಿಹೋಗಿದ್ದರು, ಮನೆಯಲ್ಲಿ ದುಡಿಯುವ ಬೇರೆ ಗಂಡಸರಿರಲಿಲ್ಲ. ಮಂಗಳೂರಿನ ಫಳ್ನೀರಿನ ಒಂದು ಬೇಕರಿಯಲ್ಲಿ ಹಿಟ್ಟು ನಾದುವ ಕೆಲಸಕ್ಕೆ ಸೇರಿದೆ. ಹದಿನೈದು ವರ್ಷ ಬೇರೆಯವರ ಹಿಟ್ಟು ನಾದಿ, ಆಮೇಲೆ ನನ್ನದೇ ಬೇಕರಿ ತೆರೆದು ‘ಎಲ್. ಪಿಂಟೊ ಬೇಕರಿ’ ಎಂದು ಬೋರ್ಡು ಹಾಕಿಸಿದೆ. ಯಾರ ಕೈಕಾಲು ಹಿಡಿದೂ ಅಲ್ಲ, ಯಾರ ಶಿಫಾರಸಿನಿಂದಲೂ ಅಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಸಂಕೋಚವಿದ್ದದ್ದು ನಮ್ಮ ಮನೆಯ ಅಡ್ಡಹೆಸರಿನ ಬಗ್ಗೆ. ನಮ್ಮ ಕ್ರೈಸ್ತರಲ್ಲಿ ಮೊದಲನೆಯ ಗಂಡುಮಗುವಿಗೆ ತಂದೆಯ ತಂದೆಯ ಹೆಸರಿಡುವ ಪದ್ಧತಿ. ಕುಟುಂಬದ ಹೆಸರುಗಳೂ ಬೆರಳೆಣಿಕೆಯಷ್ಟೇ. ಹೀಗಾಗಿ ಒಂದೇ ಇಗರ್ಜಿಯಲ್ಲಿ ನಾಲ್ಕೈದು ಮಂದಿ ಲಾರೆನ್ಸ್ ಪಿಂಟೊ ಇರುತ್ತಾರೆ. ಗುರುತು ಸಿಗಲೆಂದು ಪ್ರತಿ ಮನೆಗೂ ಜನರೇ ಒಂದು ಹೆಸರು ಕಟ್ಟುತ್ತಾರೆ. ಒಬ್ಬರದು ಬಾವಿಕಟ್ಟೆ ಮನೆ, ಒಬ್ಬರದು ಹುಣಸೆಮರದ ಮನೆ. ನಮ್ಮದು ಹಂದಿ ಮನೆ.

ನನ್ನ ಅಜ್ಜ ಲಾರೆನ್ಸರ ಮದುವೆಯ ಊಟಕ್ಕೆಂದು ತಂದಿದ್ದ ಹಂದಿ ಬೆಳಿಗ್ಗೆ ಹಗ್ಗ ಕಡಿದುಕೊಂಡು ಓಡಿತಂತೆ. ಓಡಿದ್ದು ಬೇರೆಲ್ಲಿಗೂ ಅಲ್ಲ, ಇಗರ್ಜಿಯ ಒಳಗೆ. ಅಂದು ಬಿಷಪರೇ ಬಂದಿದ್ದರು. ಮದುವೆಯ ಕೋಟು ಹಾಕಿಕೊಂಡಿದ್ದ ಅಜ್ಜ ಮದುಮಗಳ ಕೈಬಿಟ್ಟು ಹಂದಿಯ ಹಿಂಗಾಲು ಹಿಡಿದರು. ಹಂದಿ ಅವರನ್ನು ಬಿಷಪರ ಪಾದದವರೆಗೂ ಎಳೆದುಕೊಂಡು ಹೋಯಿತು. ಆ ಹಂದಿಯನ್ನು ಅಂದೇ ಮಧ್ಯಾಹ್ನ ಊರು ಉಂಡು ಮುಗಿಸಿತು, ಹೆಸರನ್ನು ಮಾತ್ರ ಮುಗಿಸಲಿಲ್ಲ.

ಶಾಲೆಯಲ್ಲಿ ಈ ಹೆಸರಿಗಾಗಿ ಹೊಡೆದಾಡಿದ್ದೇನೆ. ಬೇಕರಿ ತೆರೆದ ಮೇಲೆ ಅದು ಬರೀ ಮಾನದ ಪ್ರಶ್ನೆಯಾಗಿ ಉಳಿಯಲಿಲ್ಲ. ನನ್ನ ಬನ್ನು, ರಸ್ಕುಗಳಲ್ಲಿ ಅರ್ಧ ಹೋಗುವುದು ನಮ್ಮೂರ ಮುಸ್ಲಿಮರಾದ ಬ್ಯಾರಿಗಳ ಚಹಾ ಹೋಟೆಲುಗಳಿಗೆ. ಇಗರ್ಜಿಯ ಎದುರು ಹೋಟೆಲಿಟ್ಟಿದ್ದ ಮೋನು ಬ್ಯಾರಿಯೇ ನನ್ನ ಅತಿ ದೊಡ್ಡ ಗಿರಾಕಿ. ‘ಹಂದಿ ಮನೆಯ ಬೇಕರಿ’ ಎಂಬ ಮಾತು ಅವರ ಕಿವಿಗೆ ಬಿದ್ದರೆ, ರಸ್ಕಿಗೆ ಇವನು ಹಾಕುವುದು ವನಸ್ಪತಿಯೋ ಇನ್ನೆಂತದೋ ಎಂಬ ಸಂಶಯ ಬಾರದೇ ಇರುತ್ತದೆಯೇ? ಆದ್ದರಿಂದ ನನ್ನೆದುರು ಆ ಹೆಸರೆತ್ತಿದವರಿಗೆ ಬ್ರೆಡ್ಡು ಇಲ್ಲ ಎಂದು ಸಾರಿಬಿಟ್ಟಿದ್ದೆ.

1959ರ ಅಕ್ಟೋಬರದಲ್ಲಿ ಮೊಂಬಾಸಾದಿಂದ ಒಬ್ಬ ತರುಣ ಬಂದ. ಅವನ ಹೆಸರು ಪಾಸ್ಕಲ್ ಪಿಂಟೊ. ಅವನ ಅಜ್ಜನೂ ಪಾಸ್ಕಲ್ ಪಿಂಟೊ, ಆ ಅಜ್ಜನ ತಂದೆ ಲಾರೆನ್ಸ್. ಅಜ್ಜ ಹುಡುಗನಾಗಿದ್ದಾಗ ಮಂಗಳೂರಿನಿಂದ ಹಡಗು ಹತ್ತಿ ಆಫ್ರಿಕಾಕ್ಕೆ ಹೋದವರು, ಅವರ ಮನೆಯವರನ್ನು ಹುಡುಕುತ್ತಿದ್ದೇನೆ ಎಂದು ನಮ್ಮ ಪಾದ್ರಿಗಳ ಬಳಿ ಹೇಳಿದ. ಪಾದ್ರಿಗಳು ಈ ಇಗರ್ಜಿಗೆ ಹೊಸಬರು. ಇಬ್ಬರೂ ಸೇರಿ ನಾಲ್ಕು ದಿನ ಹಳೆಯ ಜ್ಞಾನಸ್ನಾನದ ಪುಸ್ತಕಗಳನ್ನು ತಿರುವಿದರು. ಕೊನೆಗೆ ಪಾದ್ರಿಗಳು ತಲೆಯ ಮೇಲೆ ಕೈ ಹೊತ್ತು ಕುಳಿತರು.

“ಪಾಸ್ಕಲ್ ಪಿಂಟೊ ಮೂರು ಜನ ಇದ್ದಾರೆ ಮಾರಾಯ. ಮೂವರಿಗೂ ಅಪ್ಪ ಲಾರೆನ್ಸ್, ಮೂವರಿಗೂ ಅಮ್ಮ ಮರಿಯ. ನಾನು ಎಂತ ಮಾಡುವುದು?”

ಮೂರು ಮನೆಗಳಲ್ಲಿ ಒಂದು ನಮ್ಮದು. ಎರಡನೆಯದು ಲಾರೆನ್ಸ್ ಮಾಸ್ಟ್ರ ಮನೆ. ಅವರು ರಿಟೈರಾದ ಶಿಕ್ಷಕರು. ಮೂರನೆಯ ಮನೆಯವರು ಎಂದೋ ಬೊಂಬಾಯಿಗೆ ಹೋಗಿ ನೆಲೆಸಿದ್ದರು. ಮೂರೂ ಮನೆಯ ಪಾಸ್ಕಲರು ಆ ಕಾಲದಲ್ಲಿ ಕೆಲಸ ಹುಡುಕಿಕೊಂಡು ಆಫ್ರಿಕಾದ ಹಡಗು ಹತ್ತಿದವರೇ. ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ನಮ್ಮಿಬ್ಬರಿಗೂ ಬರಬೇಕೆಂದು ಪಾದ್ರಿಗಳಿಂದ ಕರೆ ಬಂತು.

ನನಗೆ ಆಫ್ರಿಕಾದ ಸಂಬಂಧಿಕರ ಆಸೆ ಇರಲಿಲ್ಲ. ಆದರೆ ಮನೆಯಲ್ಲಿ ಕಾತಿನ್ ಅತ್ತೆ ಇದ್ದರು, ನನ್ನ ತಂದೆಯ ಅಕ್ಕ. ಪ್ರಾಯ ಎಪ್ಪತ್ತು ದಾಟಿತ್ತು, ಕಾಲು ಹೋಗಿತ್ತು. ಅವರ ಅಣ್ಣ ಪಾಸ್ಕಲ್ ಮೊಂಬಾಸಾಕ್ಕೆ ಹೋದವರು ಎರಡು ಕಾಗದ ಬರೆದು ಆಮೇಲೆ ಸುಮ್ಮನಾಗಿದ್ದರು. ಪ್ರತಿ ನವೆಂಬರದಲ್ಲಿ ಕುಟುಂಬದ ಸತ್ತವರ ಹೆಸರುಗಳನ್ನು ಬರೆದು ಪಾದ್ರಿಗಳಿಗೆ ಕೊಡುವುದು, ಅವರು ಪೂಜೆಯಲ್ಲಿ ಓದುವುದು ನಮ್ಮಲ್ಲಿ ಕ್ರಮ. ಅಣ್ಣನ ಹೆಸರು ಬರೆಯಲು ಅತ್ತೆ ಒಮ್ಮೆಯೂ ಬಿಟ್ಟವರಲ್ಲ. “ಬದುಕಿರುವವನನ್ನು ಸತ್ತವರ ಜೊತೆ ಸೇರಿಸಿದ್ರೆ ಅವ ಬಂದು ನನ್ನ ಕಿವಿ ಹಿಂಡ್ತಾನೆ” ಅನ್ನುತ್ತಿದ್ದರು. ಸತ್ತಿದ್ದರೆ ಅವನಿಗೆ ಪ್ರಾರ್ಥನೆ ತಪ್ಪಿತಲ್ಲ ಎಂಬ ಕೊರಗೂ ಅವರಿಗೇ.

ಆ ಭಾನುವಾರ ಹೊರಡುವಾಗ ನನ್ನ ಕೈ ಹಿಡಿದು ಹೇಳಿದರು: “ಮಗಾ, ಅವ ಬದುಕಿದ್ದಾನಾ, ಸತ್ತಿದ್ದಾನಾ, ಅಷ್ಟು ಕೇಳಿಕೊಂಡು ಬಾ. ಬೇರೆ ಎಂತದೂ ಬೇಡ.”

ಪಾದ್ರಿಗಳ ಬಂಗಲೆಯ ಜಗಲಿಯಲ್ಲಿ ಅರ್ಧ ಊರೇ ನೆರೆದಿತ್ತು. ಮಾತೆಲ್ಲ ಕೊಂಕಣಿಯಲ್ಲಿ ನಡೆದದ್ದು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೊಂಬಾಸಾದ ಪಾಸ್ಕಲ್ ಆ ಸೆಖೆಯಲ್ಲಿ ಮೂರು ತುಂಡಿನ ಸೂಟು ಹಾಕಿ, ಬೆಂದ ಕೆಸುವಿನ ಗಡ್ಡೆಯ ಹಾಗೆ ಕೂತಿದ್ದ. ಲಾರೆನ್ಸ್ ಮಾಸ್ಟ್ರು ದೊಡ್ಡ ಡ್ರಾಯಿಂಗ್ ಹಾಳೆಯಲ್ಲಿ ತಮ್ಮ ವಂಶವೃಕ್ಷವನ್ನೇ ಬರೆದು ತಂದಿದ್ದರು. ಗೋವೆಯಿಂದ ಬಂದ ಮೂಲಪುರುಷ ಬೇರಿನಲ್ಲಿ, ಮಾಸ್ಟ್ರು ನಡುವಿನ ಕೊಂಬೆಯಲ್ಲಿ. ತುದಿಯ ಒಂದು ಕೊಂಬೆಯಲ್ಲಿ ಮೊಂಬಾಸಾದ ಪಾಸ್ಕಲನ ಹೆಸರನ್ನು ಆಗಲೇ ಪೆನ್ಸಿಲಿನಲ್ಲಿ ಬರೆದಾಗಿತ್ತು.

“ಶಾಯಿಯಲ್ಲಿ ಬರೆಯುವುದೊಂದು ಬಾಕಿ,” ಎಂದರು ಮಾಸ್ಟ್ರು. ನನ್ನ ಕಡೆ ತಿರುಗಿ, “ನಿನ್ನದು ಎಂತ ಉಂಟು ಬೇಕರಿ ಲಾರೆನ್ಸ್? ರಸ್ಕಾ?” ಎಂದು ಕೇಳಿದರು. ಜನ ನಕ್ಕರು.

ಆಗ ಮೊಂಬಾಸಾದವನು ಎದ್ದು ನಿಂತ. “ಹೆಸರು ಎಲ್ಲರದ್ದೂ ಒಂದೇ. ಆದ್ರೆ ಊರಲ್ಲಿ ನಮ್ಮ ಮನೆಯನ್ನು ಜನ ಎಂತ ಕರೀತಿದ್ರು ಅಂತ ಅಜ್ಜ ನಮಗೆ ಹೇಳಿದ್ದಾರೆ. ಅದನ್ನು ಹೇಳಿದವರು ನಮ್ಮವರು.”

“ಒಳ್ಳೆಯದಾಯ್ತು,” ಎಂದರು ಪಾದ್ರಿಗಳು. “ಅವರವರ ಮನೆಯ ಹೆಸರು ಅವರವರೇ ಹೇಳಬೇಕು. ಬೇರೆಯವರು ಬಾಯಿ ಹಾಕಬಾರದು.”

ಮಾಸ್ಟ್ರು ಕೋಟು ಸರಿಮಾಡಿಕೊಂಡು, “ಬಾವಿಕಟ್ಟೆ ಮನೆ” ಎಂದರು. ಅವನು ತಲೆಯಾಡಿಸಿದ. ಅಲ್ಲ.

ಎಲ್ಲರ ಕಣ್ಣೂ ನನ್ನ ಮೇಲೆ. ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಜಗಲಿಯ ಮೆಟ್ಟಿಲಲ್ಲಿ ಮೋನು ಬ್ಯಾರಿ ಕಾಣಿಸಿದರು. ಪಾದ್ರಿಗಳು ತರಿಸಿದ ಚಹಾವನ್ನು ಸ್ವತಃ ಅವರೇ ಕೆಟಲಿನಲ್ಲಿ ತಂದಿದ್ದರು. ಪಕ್ಕದ ತಟ್ಟೆಯಲ್ಲಿ ನನ್ನದೇ ರಸ್ಕು.

“ಬೇಕರಿ ಮನೆ,” ಎಂದೆ.

ಹಿಂದಿನಿಂದ ಯಾರೋ ಕೆಮ್ಮಿದರು. ಇನ್ಯಾರೋ ಕರವಸ್ತ್ರ ಬಾಯಿಗೆ ತುರುಕಿಕೊಂಡರು. ಮೊಂಬಾಸಾದವನ ಮುಖ ಬಾಡಿತು. “ಹಾಗಾದ್ರೆ ಮೂರನೆಯ ಮನೆಯವರೇ ಇರಬೇಕು. ನಾಳೆ ಬೊಂಬಾಯಿ ಬಸ್ಸಿಗೆ ಹೋಗ್ತೇನೆ, ಅಲ್ಲಿ ಹುಡುಕ್ತೇನೆ,” ಎಂದು ಕಾಗದಗಳನ್ನು ಚೀಲಕ್ಕೆ ಹಾಕತೊಡಗಿದ.

ನನಗೆ ಅತ್ತೆಯ ಮುಖ ಕಣ್ಣ ಮುಂದೆ ಬಂತು. ಇವನು ಹೋದರೆ ಅವರು ಉಳಿದ ದಿನಗಳನ್ನೂ ಹೀಗೇ ನಡುಮಧ್ಯ ನಿಂತು ಕಳೆಯಬೇಕು. ನನಗೆ ಸಣ್ಣದಾಗಿ ಹೇಳುವ ಮನಸ್ಸಿತ್ತು, ಆದರೆ ಹಿಟ್ಟು ನಾದುವವರ ಎದೆ ದೊಡ್ಡದು, ಸ್ವರ ಇಗರ್ಜಿಯ ಗಂಟೆಯಷ್ಟು ಜೋರಾಗಿ ಬಂತು.

“ಹಂದಿ! ಹಂದಿ ಮನೆ ನಮ್ಮದು! ನಮ್ಮಜ್ಜ ಬಿಷಪರ ಎದುರು ಹಂದಿಯ ಕಾಲು ಹಿಡಿದವರು!”

ಜಗಲಿ ಬಿದ್ದುಬಿದ್ದು ನಕ್ಕಿತು. ಮೊಂಬಾಸಾದವನು ಮಾತ್ರ ಓಡಿ ಬಂದು ನನ್ನನ್ನು ಅಪ್ಪಿ ಹಿಡಿದ. ಅವನಿಗೆ ಅಳು ಬಂದಿತ್ತು.

“ಅಂಕಲ್, ಆ ಕಾಡುಹಂದಿಯ ಕೋರೆ ಎಲ್ಲುಂಟು? ಬಿಷಪರು ಕೊಟ್ಟ ಪದಕ ಎಲ್ಲುಂಟು?”

ನಾನು ಕಕ್ಕಾಬಿಕ್ಕಿಯಾದೆ. ಆಮೇಲೆ ತಿಳಿಯಿತು. ಪಾಸ್ಕಲ್ ದೊಡ್ಡಪ್ಪ ಸಮುದ್ರ ದಾಟುವಾಗ ಹಂದಿಯೂ ದಾಟಿ ಕಾಡುಹಂದಿಯಾಗಿತ್ತು. ಮೊಂಬಾಸಾದಲ್ಲಿ ಪ್ರತಿ ಮದುವೆಯಲ್ಲಿ ಆ ಕತೆ ಹೇಳುತ್ತಾರಂತೆ: ಕೋರೆಹಲ್ಲಿನ ಕಾಡುಹಂದಿ ಬಿಷಪರ ಮೇಲೆ ಎರಗಿತು, ಮದುಮಗ ಬರಿಗೈಯಲ್ಲಿ ತಡೆದು ಅವರ ಪ್ರಾಣ ಉಳಿಸಿದ. ಮಾಸ್ಟ್ರು ತಮ್ಮ ಹಾಳೆಯಲ್ಲಿ ರಬ್ಬರಿನಿಂದ ಒರೆಸುತ್ತಿದ್ದರು.

ಹುಡುಗನನ್ನು ಮನೆಗೆ ಕರೆದುಕೊಂಡು ಹೋದೆ. ಅತ್ತೆ ಅವನ ಗಲ್ಲ ಹಿಡಿದು ಒಂದೇ ಮಾತು ಕೇಳಿದರು: “ಇದ್ದಾನಾ?”

“ಇಲ್ಲ ಅಜ್ಜೀ. ನಾಲ್ಕು ವರ್ಷ ಆಯ್ತು. ಮಲಗಿದಲ್ಲೇ ಹೋದರು.”

ಅತ್ತೆ ಕಣ್ಣೊರೆಸಿಕೊಂಡ ಮೇಲೆ ಬೈಯಲು ಸುರುಮಾಡಿದರು. “ಅಷ್ಟು ವರ್ಷ ಬದುಕಿದವನಿಗೆ ಒಂದು ಕಾಗದ ಹಾಕ್ಲಿಕ್ಕೆ ಆಗ್ಲಿಲ್ವಾ? ಹಂದಿಯ ಕತೆ ಉದ್ದ ಮಾಡ್ಲಿಕ್ಕೆ ಪುರುಸೊತ್ತು ಉಂಟು!” ಬೈಯುತ್ತಲೇ ಅವನ ತಟ್ಟೆಗೆ ಮೀನು ಬಡಿಸಿದರು.

ಮರುದಿನ ಮೋನು ಬ್ಯಾರಿಯ ಹೋಟೆಲಿಗೆ ಬನ್ನು ಕಳಿಸಲು ನನಗೆ ಧೈರ್ಯವಾಗಲಿಲ್ಲ. ಎಂಟು ಗಂಟೆಗೆ ಅವರೇ ಬೇಕರಿಗೆ ಬಂದರು.

“ಎಂತ ಪೊರ್ಬುಗಳೇ, ಇವತ್ತು ಬನ್ನು ಇಲ್ವಾ?” ಪೊರ್ಬು ಎಂದರೆ ತುಳುವಿನಲ್ಲಿ ನಮ್ಮವರನ್ನು ಕರೆಯುವ ರೀತಿ.

“ನಿನ್ನೆ ನೀವು ಕೇಳಿದಿರಲ್ಲ ಬ್ಯಾರಿ, ನಮ್ಮ ಮನೆಯ ಹೆಸರು...”

“ಅದು ನನಗೆ ಹುಟ್ಟಿದಾಗಿಂದ ಗೊತ್ತುಂಟು. ಆ ಹಂದಿ ಮೊದಲು ನುಗ್ಗಿದ್ದು ನಮ್ಮಜ್ಜನ ಅಂಗಡಿಗೆ. ಕೋಲು ಹಿಡಿದು ಇಗರ್ಜಿ ಕಡೆ ಓಡಿಸಿದ್ದೇ ನಮ್ಮಜ್ಜ!”

“ಮತ್ತೆ ಇಷ್ಟು ವರ್ಷ ಒಂದು ಮಾತು ಹೇಳ್ಲಿಲ್ಲ?”

“ನಿಮಗೆ ಬೇಸರ ಆದೀತು ಅಂತ. ನೀವು ಎಂತ ಹಾಕ್ತೀರಿ ಅಂತ ನಾನು ನೋಡೇ ಬನ್ನು ತೆಗೊಳ್ಳುವುದು. ವನಸ್ಪತಿ ಡಬ್ಬಿಯ ರಾಶಿ ನಿಮ್ಮ ಹಿತ್ತಲಲ್ಲಿ ಕಾಣ್ತದಲ್ಲ. ಬೇಗ ಕೊಡಿ ಮಾರಾಯ್ರೆ, ಗಿರಾಕಿ ಕಾಯ್ತಾ ಇದ್ದಾರೆ.”

ಮೊಂಬಾಸಾದ ಹುಡುಗ ನವೆಂಬರದವರೆಗೆ ನಿಂತ. ಸತ್ತವರ ಹೆಸರು ಕೊಡಲು ನಾನು ಹೊರಟಾಗ ಅತ್ತೆ ಕರೆದು ಹೇಳಿದರು: “ಬರೀ ಪಾಸ್ಕಲ್ ಪಿಂಟೊ ಅಂತ ಬರೀಬೇಡ. ಮೂರು ಜನ ಇದ್ದಾರೆ. ಪ್ರಾರ್ಥನೆ ಮಾಸ್ಟ್ರ ಕಡೆಯವನಿಗೆ ಹೋದೀತು. ಸರಿಯಾಗಿ ಬರಿ.”

ಸರಿಯಾಗಿ ಬರೆದೆ. ಅತ್ತೆಯನ್ನು ಕುರ್ಚಿಯಲ್ಲಿ ಹೊತ್ತುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂರಿಸಿದೆವು. ಪಾದ್ರಿಗಳು ಒಂದೊಂದೇ ಹೆಸರು ಓದುತ್ತ ಬಂದು ಒಂದು ಕಡೆ ತಡೆದರು, ಕನ್ನಡಕ ಸರಿಮಾಡಿಕೊಂಡರು, ಆಮೇಲೆ ಸ್ಪಷ್ಟವಾಗಿ ಓದಿದರು: “ಹಂದಿ ಮನೆಯ ಪಾಸ್ಕಲ್ ಪಿಂಟೊ.” ಈ ಸಲ ಯಾರೂ ನಗಲಿಲ್ಲ. ಅತ್ತೆ ಶಿಲುಬೆಯ ಗುರುತು ಹಾಕಿಕೊಂಡು ದೊಡ್ಡದೊಂದು ಉಸಿರು ಬಿಟ್ಟರು. ಅಷ್ಟು ಹಗುರಾಗಿ ಅವರು ಉಸಿರಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಇಪ್ಪತ್ತು ವರ್ಷ ನಾನು ಯಾವುದನ್ನು ಮುಚ್ಚಿಡಲು ಹೆಣಗಿದೆನೋ ಅದನ್ನೇ ಮೊಂಬಾಸಾದಲ್ಲಿ ನಮ್ಮವರು ಮಕ್ಕಳಿಗೆ ಆಸ್ತಿಯ ಹಾಗೆ ಕೊಟ್ಟಿದ್ದರು. ಅದನ್ನು ನೆನೆದರೆ ಇಂದಿಗೂ ನನಗೆ ನಗು ಬರುತ್ತದೆ, ಒಂದಿಷ್ಟು ನಾಚಿಕೆಯೂ ಆಗುತ್ತದೆ.

ಅತ್ತೆ ಈಗ ಇಲ್ಲ. ನನ್ನ ಬಳಿ ಈಗ ಒಂದು ಬೇಕರಿ, ಎರಡು ಒಲೆ, ಆರು ಜನ ಕೆಲಸದವರು, ಒಂದು ಸೈಕಲ್, ಮೂವರು ಮಕ್ಕಳು, ಮತ್ತು ಮೊಂಬಾಸಾದಲ್ಲಿ ಹದಿನೇಳು ಮಂದಿ ನೆಂಟರು ಇದ್ದಾರೆ.