ಪ್ರತಿ ವರ್ಷ ಸಾಯುತ್ತಿದ್ದ ಮೇಷ್ಟ್ರು

ನಮ್ಮ ದೊಡ್ಡಣ್ಣ ಮೇಷ್ಟ್ರಿಗೆ ಸಾಯುವುದು ರೂಢಿಯಾಗಿಬಿಟ್ಟಿತ್ತು. ವಿಜಯನಗರದ ಸಂಜೆ ಕಾಲೇಜೊಂದರಲ್ಲಿ ಪತ್ರಿಕೋದ್ಯಮ ಕಲಿಸುತ್ತಿದ್ದ ಅವರು ಪ್ರತಿ ಬ್ಯಾಚಿಗೂ ಕೊಡುತ್ತಿದ್ದ ಮೊದಲ ಮನೆಗೆಲಸ ಒಂದೇ: "ನಾನು ಸತ್ತೋಗಿದೀನಿ ಅಂದ್ಕೊಳ್ಳಿ. ನಿಧನ ವಾರ್ತೆ ಬರ್ಕೊಂಡು ಬನ್ನಿ."

ಹೀಗಾಗಿ ಅವರು ಒಂದು ವರ್ಷ ಮಾಗಡಿ ರಸ್ತೆಯಲ್ಲಿ ಲಾರಿಗೆ ಸಿಕ್ಕಿ, ಇನ್ನೊಂದು ವರ್ಷ ತಲೆಗೆ ತೆಂಗಿನಕಾಯಿ ಬಿದ್ದು, ಮತ್ತೊಂದು ವರ್ಷ ಗಂಟಲಿಗೆ ಉದ್ದಿನವಡೆ ಸಿಕ್ಕಿಕೊಂಡು ತೀರಿಕೊಂಡರು. ವಡೆ ನನ್ನದು. "ವಡೆ ಬಿಸಿ ಇತ್ತೋ ತಣ್ಣಗಿತ್ತೋ ಬರ್ದೇ ಇಲ್ವಲ್ಲಮ್ಮಾ ಅನು" ಎಂದು ಮಾರ್ಕ್ಸ್ ಕತ್ತರಿಸಿದರು. "ತುಂಬಲಾರದ ನಷ್ಟ" ಎಂದು ಬರೆದವರಿಗಂತೂ ಸೊನ್ನೆ. "ಯಾವ ನಷ್ಟಾನೋ? ನನ್ನ ಕುರ್ಚಿ ಮೇಲೆ ಆಗ್ಲೇ ಇಬ್ರು ಕಣ್ಣಿಟ್ಟಿದಾರೆ" ಎನ್ನುತ್ತಿದ್ದರು.

ಬಿನ್ನಿ ಮಿಲ್ಲಿನ ಕಾರ್ಮಿಕನ ಮಗ ಅವರು. ಕಾಲೇಜಿನ ಜೊತೆಗೆ 'ನಲ್ಲಿಕಟ್ಟೆ' ಎಂಬ ಮಾಸಪತ್ರಿಕೆ ನಡೆಸುತ್ತಿದ್ದರು. ಮಾರೇನಹಳ್ಳಿಯಲ್ಲಿ ಹಿಟ್ಟಿನ ಗಿರಣಿಯ ಮೇಲಿನ ಒಂದು ಕೋಣೆಯೇ ಅದರ ಕಚೇರಿ. ಓದು ಮುಗಿಸಿದ ನಾನು ಅಲ್ಲೇ ಉಪಸಂಪಾದಕಿಯಾಗಿ ಉಳಿದೆ. ಬೇರೆ ಪತ್ರಿಕೆಯವರ ಕೈಗೆ ಮಸಿ ಅಂಟಿದರೆ ನಮ್ಮ ತಲೆಗೆ ರಾಗಿಹಿಟ್ಟು ಅಂಟುತ್ತಿತ್ತು. ಅಲ್ಲಿ ಮೇಷ್ಟ್ರ ಮೊದಲ ಕಟ್ಟಪ್ಪಣೆ: "ಸಾವಿನ ಸುದ್ದೀನ ಫೋನಲ್ಲಿ ಕೇಳಿ ಬರೀಬಾರ್ದು. ಮನೆಗೆ ಹೋಗಿ, ಕಣ್ಣಾರೆ ನೋಡಿ, ಆಮೇಲೆ ಬರೀರಿ. ಕೆಳಗೆ ನಿಮ್ಮ ಹೆಸರು ಹಾಕಿ."

ಮೂರು ವರ್ಷದ ಹಿಂದೆ ಹನುಮೇಶ ಎಡವಟ್ಟು ಮಾಡಿದ. ಸಿಂಧನೂರಿನಿಂದ ಬಂದು, ಹಗಲು ಊಟದ ಡೆಲಿವರಿ ಮಾಡಿಕೊಂಡು ಸಂಜೆ ಓದುತ್ತಿದ್ದ ಹುಡುಗ. ಮೇಷ್ಟ್ರ ಫೋಟೋ ಸುತ್ತ ಎರಡು ದೀಪ ಉರಿಸಿ, ನಿಧನ ವಾರ್ತೆಯನ್ನು ಚೆಂದವಾಗಿ ಕೂರಿಸಿ ಅವರಿಗೇ ಕಳಿಸಲು ಹೋದವನು ಹಳೇ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಕಳಿಸಿಬಿಟ್ಟ.

ಮಾರನೆಯ ಬೆಳಿಗ್ಗೆ ಸೊಪ್ಪು ತರಲು ಹೋದ ಮೇಷ್ಟ್ರಿಗೆ ಮಾರೇನಹಳ್ಳಿ ಸರ್ಕಲ್ಲಿನಲ್ಲಿ ಅವರದ್ದೇ ಫ್ಲೆಕ್ಸ್ ಎದುರಾಯಿತು. 'ಮತ್ತೆ ಹುಟ್ಟಿ ಬನ್ನಿ.' ಮೇಲೆ ಇಷ್ಟೇ ಇಷ್ಟು ಮೇಷ್ಟ್ರು, ಕೆಳಗೆ ಕೂಲಿಂಗ್ ಗ್ಲಾಸು ಹಾಕಿಕೊಂಡ ಹನ್ನೆರಡು ಜನ ದುಃಖತಪ್ತರು. ಸೊಪ್ಪಿನಾಕೆ ದಂಟಿನ ಕಟ್ಟು ಕೈಬಿಟ್ಟಳು. ಇವರು ಅದನ್ನು ಎತ್ತಿಕೊಟ್ಟು, ಫ್ಲೆಕ್ಸ್ ಬಿಚ್ಚಿಸಿ, ಮಡಚಿ ಕಂಕುಳಲ್ಲಿಟ್ಟುಕೊಂಡು ನೇರ ಕಚೇರಿಗೆ ಬಂದರು.

"ಅಕ್ಕಾರ, ಗ್ರೂಪ್ ತಪ್ಪಿತ್ರೀ" ಎಂದು, ಮೊದಲೇ ಅಲ್ಲಿಗೆ ಓಡಿಬಂದಿದ್ದ ಹನುಮೇಶ ನನ್ನ ಬೆನ್ನ ಹಿಂದೆ ಅಡಗಿದ.

"ಸಾಯ್ಸಿದ್ದಕ್ಕೆ ಬೈತಿಲ್ಲ ಕಣೋ" ಎಂದರು ಮೇಷ್ಟ್ರು. "ಎಷ್ಟೊತ್ತಿಗೆ ಎತ್ತುತಾರೆ ಅಂತಾನೇ ಹಾಕಿಲ್ವಲ್ಲೋ! ಸಾವಿನ ಸುದ್ದೀಲಿ ಜನ ಮೊದ್ಲು ಕೇಳೋದೇ ಅದನ್ನ."

ಆ ತಿಂಗಳ 'ನಲ್ಲಿಕಟ್ಟೆ'ಯಲ್ಲಿ ಅವರೇ ಬರೆದ ತಿದ್ದುಪಡಿ ಬಂತು: 'ಸಂಪಾದಕರು ಬದುಕಿದ್ದಾರೆ. ವಿಷಾದಿಸುತ್ತೇವೆ.' ಫ್ಲೆಕ್ಸು ಅವರ ಸ್ಕೂಟರಿನ ಹೊದಿಕೆಯಾಯಿತು.

ಹೋದ ಶ್ರಾವಣದ ಒಂದು ಭಾನುವಾರ ಮೇಷ್ಟ್ರು ನಿಜವಾಗಿ ಸತ್ತರು. ಲಾರಿಯಿಲ್ಲ, ತೆಂಗಿನಕಾಯಿಯಿಲ್ಲ. ಕಾಫಿ ಲೋಟ ಕೆಳಗಿಟ್ಟು ಹಾಗೇ ಗೋಡೆಗೆ ಒರಗಿದರಂತೆ. ಅನ್ನಪೂರ್ಣೇಶ್ವರಿ ನಗರದ ಅವರ ಮನೆಗೆ ಓಡಿದೆ. ನೋಡಿದೆ. ಜಗಲಿಯ ಮೇಲೆ ಕೂತು ಅತ್ತೆ. ಆಮೇಲೆ ಗುಂಪಿಗೆ ಬರೆದೆ.

ಮೊದಲು ಬಂದ ಉತ್ತರ: "ಈ ಸಲ ಯಾವ ಬ್ಯಾಚು?" ಎರಡನೆಯದು: "ಹತ್ತಕ್ಕೆ ಐದು." ಮೈಸೂರಿನಲ್ಲಿ ವರದಿಗಾರ್ತಿಯಾಗಿರುವ ಅಮೂಲ್ಯಾ ದನಿ ಸಂದೇಶ ಕಳಿಸಿದ್ದಳು: "ಸಾವಿಗೆ ಕಾರಣ ಎಲ್ಲೇ ಅನು? ವಡೆ ಖಾಲಿಯಾಯ್ತಾ?" ನನಗೆ ಮೈಯೆಲ್ಲ ಉರಿದುಹೋಯಿತು. ಫೋನ್ ಮಾಡಿ ಅತ್ತರೆ "ಆಕ್ಟಿಂಗ್ ಸೂಪರ್" ಎಂದರು. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಮಾಡಿದ ಮಹಾರಾಯರು ಒಳಗೆ ನೆಮ್ಮದಿಯಾಗಿ ಮಲಗಿದ್ದರು, ಉಣ್ಣುವುದು ನನ್ನ ಪಾಲಿಗೆ ಬಂದಿತ್ತು.

ಅವರ ಹೆಂಡತಿ ಅಣ್ಣಮ್ಮನವರು ಗೇಟಿನ ಕಡೆಯೇ ನೋಡುತ್ತಿದ್ದರು. ಆ ದಂಪತಿಗೆ ಮಕ್ಕಳಿರಲಿಲ್ಲ.

"ನನ್ನ ಹೊರೋಕೆ ನನ್ನ ಹುಡುಗ್ರು ಇದಾರೆ, ನೀನ್ಯಾಕೆ ಯೋಚ್ನೆ ಮಾಡ್ತೀಯ ಅಂತಿದ್ರಮ್ಮ. ಯಾರೂ ಬರ್ಲಿಲ್ವಲ್ಲ" ಎಂದರು. ಮನೆಯಲ್ಲಿ ಆಗ ಇದ್ದ ಗಂಡಸರೆಂದರೆ ಮಂಡಿನೋವಿನ ಭಾವಮೈದುನ ಮತ್ತು ಎದುರುಮನೆಯ ಮುನಿಯಪ್ಪನವರು. ಮುನಿಯಪ್ಪನವರನ್ನೇ ಯಾರಾದರೂ ಹಿಡಿದುಕೊಳ್ಳಬೇಕು, ಅಷ್ಟು ವಯಸ್ಸು.

ನಿಜ, ನಿಜ ಎಂದು ಆಣೆ ಹಾಕಿದಷ್ಟೂ ಗುಂಪಿನವರಿಗೆ ತಮಾಷೆ. ಕೊನೆಗೆ ಮೇಷ್ಟ್ರ ಮಾತನ್ನೇ ಹಾಕಿದೆ: "ಫೋನಲ್ಲಿ ಕೇಳಿ ನಂಬಬೇಡಿ. ಮನೆಗೆ ಬಂದು ಕಣ್ಣಾರೆ ನೋಡಿ. ನಾಲ್ಕಕ್ಕೆ ಎತ್ತುತ್ತಾರೆ. — ಅನು."

ಗುಂಪು ತಣ್ಣಗಾಯಿತು.

ಮೊದಲು ಬಂದವನು ಹನುಮೇಶ. ಕೆಂಗೇರಿಯಲ್ಲಿ ಯಾರದೋ ಬಿರಿಯಾನಿ ತಲುಪಿಸಿ, ಡೆಲಿವರಿ ಅಂಗಿಯಲ್ಲೇ ಬಂದಿದ್ದ. ಹೆಲ್ಮೆಟ್ ತೆಗೆಯದೆ, "ಅಕ್ಕಾರ, ಇದು ನಿಮ್ಮ ಚಾಷ್ಟಿ ಅಲ್ರೀ?" ಎಂದು ನಗುತ್ತಲೇ ಕೇಳಿದ.

"ಒಳಗೆ ಹೋಗಿ ನೋಡು" ಎಂದೆ.

ಹೋದ. ಹೊರಗೆ ಬಂದಾಗಲೂ ಹೆಲ್ಮೆಟ್ ತೆಗೆಯಲಿಲ್ಲ, ಅದರೊಳಗೇ ಅಳುತ್ತಿದ್ದ. ಫ್ಲೆಕ್ಸು ಹೊದ್ದಿದ್ದ ಮೇಷ್ಟ್ರ ಸ್ಕೂಟರಿನ ಪಕ್ಕ ಕೂತು ಗುಂಪಿಗೆ ಬರೆದ: "ಮನಿಗೆ ಬಂದು ನೋಡಿದೆ. ಖರೇ ಅದ. — ಹನುಮೇಶ."

ಆಮೇಲೆ ಯಾರೂ ಮಾರ್ಕ್ಸ್ ಕೊಡಲಿಲ್ಲ. ಮೂರೂವರೆಯ ಹೊತ್ತಿಗೆ ಬೀದಿಯಲ್ಲಿ ಗಾಡಿ ನಿಲ್ಲಿಸಲು ಜಾಗವಿರಲಿಲ್ಲ. ಬಂದವರೆಲ್ಲ ಒಬ್ಬೊಬ್ಬರಾಗಿ ಒಳಗೆ ಹೋಗಿ ನೋಡಿ ಬಂದರು, ಹೊರಬಂದು ತಮ್ಮ ತಮ್ಮ ಹೆಸರು ಹಾಕಿ ಬರೆದರು. ಅಮೂಲ್ಯಾ ಬರುವವರೆಗೆ ಎತ್ತಬಾರದೆಂದು ಒಂದು ಜಗಳ, ಯಾವ ಬ್ಯಾಚು ಹೆಗಲು ಕೊಡಬೇಕೆಂದು ಇನ್ನೊಂದು ಜಗಳ. ಎರಡೂ ಮುಗಿದು ಮೇಷ್ಟ್ರು ಹೊರಟಾಗ ಐದು ದಾಟಿತ್ತು.

"ನಾಲ್ಕು ಅಂತ ಬರ್ದಿದ್ದೆ, ತಪ್ಪಾಯ್ತು" ಎಂದೆ ಅಣ್ಣಮ್ಮನವರಿಗೆ.

ಅವರು ಬೀದಿಯ ತುಂಬಾ ಇದ್ದ ಹೆಗಲುಗಳನ್ನು ನೋಡಿ ಕಣ್ಣೊರೆಸಿಕೊಂಡರು. "ಇರ್ಲಿ ಬಿಡಮ್ಮ, ತಿದ್ದುಪಡಿ ಹಾಕು."

ಹಾಕಿದೆವು. ಮುಂದಿನ ಸಂಚಿಕೆಯ ಮೊದಲ ಪುಟದಲ್ಲಿ, ಫೋಟೋ ಇಲ್ಲದೆ, ದೀಪ ಇಲ್ಲದೆ: 'ಸಂಪಾದಕರು ಬದುಕಿದ್ದಾರೆ ಎಂದು ಹಿಂದೊಮ್ಮೆ ಪ್ರಕಟಿಸಿದ್ದೆವು. ಈಗ ಇಲ್ಲ. ಹೋಗಿ ನೋಡಿ ಬಂದಿದ್ದೇವೆ. ವಿಷಾದಿಸುತ್ತೇವೆ.'